ಪಠ್ಯದೊಳಗಿನ ಪೂರ್ವಗ್ರಹ ಮತ್ತು ಕನ್ನಡ ತರಗತಿ: ಅಂತರಸಂತೆಯ ಹಾಡಿಗಳ ಹಿನ್ನೆಲೆಯಲ್ಲಿ

ಜನಾಂಗೀಯ ಹಾಗೂ ಸಾಂಸ್ಕೃತಿಕ ಪೂರ್ವಗ್ರಹಗಳನ್ನು ಸಾಹಿತ್ಯದ ಮೂಲಕ ಬೋಧಿಸುವ ಪ್ರಶ್ನೆ ಬಂದಾಗ ನಾವು ಸಾಮಾನ್ಯವಾಗಿ ಆಫ್ರಿಕ, ಅಮೆರಿಕಗಳ ನಿದರ್ಶನಗಳತ್ತ ನೋಡುತ್ತೇವೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಅಂತರಸಂತೆಯಂಥ ಕಡೆ ಈ ಪ್ರಶ್ನೆ ತರಗತಿಯ ಒಳಗೇ ಇದೆ. ನಾಗರಹೊಳೆ ಕಾಡಂಚಿನ ಈ ಸೀಮೆಯ ಹಾಡಿಗಳಲ್ಲಿ ಜೇನುಕುರುಬ, ಬೆಟ್ಟಕುರುಬ, ಯರವ, ಸೋಲಿಗ ಸಮುದಾಯಗಳು ನೆಲೆಸಿವೆ. ಹಾಡಿಯ ವಿದ್ಯಾರ್ಥಿಯೊಬ್ಬ ತನ್ನವರ ಬಗ್ಗೆ ಅನ್ಯರು ಬರೆದುದನ್ನು ಅನ್ಯರ ನಡುವೆ ಕುಳಿತು ಓದಬೇಕಾದಾಗ ಅಧ್ಯಾಪಕನ ಹೊಣೆಯೇನು ಎಂಬುದು ಇಲ್ಲಿನ ವಿಚಾರ.

ಮೊದಲನೆಯದು ಆಕರಗಳ ಪ್ರಶ್ನೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಕೆ. ರಂಗಾಚಾರಿಯವರ ನೆರವಿನಿಂದ ಏಳು ಸಂಪುಟಗಳಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳ ಕೋಶವನ್ನು ನಮ್ಮ ಸಂಶೋಧನೆ ಇಂದಿಗೂ ಉಲ್ಲೇಖಿಸುತ್ತದೆ. ಮೂಗಿನ ಉದ್ದ–ಅಗಲ, ತಲೆಯ ಅಳತೆಗಳಿಂದ ಜನರನ್ನು ವರ್ಗೀಕರಿಸಬಹುದೆಂಬ ಅಂದಿನ ನಂಬಿಕೆ ಆ ಕೋಶದ ಬೆನ್ನಿಗಿದೆ. ಅದನ್ನು ಕೈಬಿಡಬೇಕಾಗಿಲ್ಲ, ಮಾಹಿತಿಯೊಡನೆ ಅಳತೆಗೋಲನ್ನೂ ಪಾಠ ಮಾಡಬೇಕು.

ಎರಡನೆಯದು ಹೊಗಳಿಕೆಯ ರೂಪದ ಪೂರ್ವಗ್ರಹ. ‘ಅನಾಗರಿಕ’ ಎಂಬ ಪದವನ್ನು ತೆಗೆದು ‘ಮುಗ್ಧ ಕಾಡಿನ ಮಕ್ಕಳು’ ಎಂದು ಬರೆದರೆ ದೋಷ ನಿವಾರಣೆಯಾಯಿತೆಂದು ಭಾವಿಸುತ್ತೇವೆ. ಆದರೆ ಮಕ್ಕಳೆಂದು ಕರೆಸಿಕೊಂಡವರು ಹಕ್ಕುದಾರರಾಗಿ ಕಾಣುವುದಿಲ್ಲ. ಅರಣ್ಯವಾಸಿಗಳಿಗೆ ಚಾರಿತ್ರಿಕ ಅನ್ಯಾಯವಾಗಿದೆಯೆಂದು 2006ರ ಅರಣ್ಯ ಹಕ್ಕುಗಳ ಕಾಯಿದೆಯ ಪ್ರಸ್ತಾವನೆಯೇ ಒಪ್ಪಿಕೊಂಡಿದೆ. ಆ ಪ್ರಸ್ತಾವನೆಯನ್ನು ಕಥೆ–ಕಾದಂಬರಿಗಳ ಪಕ್ಕದಲ್ಲಿಟ್ಟು ಓದಿಸಿದರೆ ವಿಶೇಷಣವೊಂದರ ಪರಿಣಾಮ ಎಷ್ಟು ದೂರ ಹೋಗುತ್ತದೆಂಬುದು ಸ್ಪಷ್ಟವಾಗುತ್ತದೆ.

ಹಾಗಾದರೆ ಓದಿನ ಮಾನದಂಡ ಯಾವುದು? 1975ರ ಉಪನ್ಯಾಸವೊಂದರಲ್ಲಿ ಚಿನುವ ಅಚಿಬೆ, ಕಾನ್ರಾಡನ ‘ಹಾರ್ಟ್ ಆಫ್ ಡಾರ್ಕ್‌ನೆಸ್’ ಕೃತಿಯಲ್ಲಿ ಆಫ್ರಿಕನ್ನರಿಗೆ ಮಾತೇ ಇಲ್ಲವೆನ್ನುವಷ್ಟು ಕಡಿಮೆ ಎಂಬುದನ್ನು ಎತ್ತಿ ತೋರಿಸಿದರು. ಯಾರು ಮಾತನಾಡುತ್ತಾರೆ, ಯಾರು ಕೇವಲ ವರ್ಣಿತರಾಗುತ್ತಾರೆ ಎಂಬ ಈ ಪ್ರಶ್ನೆಯನ್ನು ಶಿವರಾಮ ಕಾರಂತರ ‘ಕುಡಿಯರ ಕೂಸು’ ಕಾದಂಬರಿಗೂ ಕೇಳಬಹುದು. ಲೇಖಕರನ್ನು ಕಟಕಟೆಯಲ್ಲಿ ನಿಲ್ಲಿಸುವುದು ಇದರ ಉದ್ದೇಶವಲ್ಲ. ಹೊರಗಿನ ಕಣ್ಣು ಕಂಡದ್ದನ್ನೂ ಕಾಣದ್ದನ್ನೂ ಗುರುತಿಸುವುದು ಉದ್ದೇಶ. ಮೌಖಿಕ ಪರಂಪರೆಯೂ ಈ ಪರೀಕ್ಷೆಗೆ ಹೊರತಲ್ಲ. ಮಲೆಯ ಮಾದೇಶ್ವರ ಕಾವ್ಯದ ಸಂಕಮ್ಮನ ಸಾಲಿನಲ್ಲಿ ಸೋಲಿಗರ ನೀಲೇಗೌಡ ಹೆಂಡತಿಯನ್ನು ಶಂಕಿಸುವ ಕ್ರೂರ ಗಂಡ. ಅದೇ ಸೋಲಿಗರು ತಮ್ಮ ಕಥನದಲ್ಲಿ ಬಿಳಿಗಿರಿರಂಗನನ್ನು ತಮ್ಮ ಹೆಣ್ಣನ್ನು ವರಿಸಿದ ಭಾವನೆಂದು ಕರೆಯುತ್ತಾರೆ. ಒಂದು, ಭಕ್ತಗಾಯಕರು ಕಂಡ ಸೋಲಿಗ. ಇನ್ನೊಂದು, ದೇವರೊಡನೆ ನಂಟು ಸಾರುವ ಸೋಲಿಗ. ಇವೆರಡನ್ನೂ ಒಟ್ಟಿಗೆ ಓದಿಸುವುದು ನೂರು ಉಪದೇಶಗಳಿಗಿಂತ ಮಿಗಿಲು.

ಕೊನೆಯದು ನುಡಿಯ ಪ್ರಶ್ನೆ. ಜೇನುಕುರುಬರ ನುಡಿಯನ್ನು ಕೆಲವರು ಕನ್ನಡದ ಉಪಭಾಷೆಯೆಂದೂ ಕೆಲವರು ಸ್ವತಂತ್ರ ಭಾಷೆಯೆಂದೂ ಪರಿಗಣಿಸುತ್ತಾರೆ. ಯಾವುದಾದರೂ ಅದು ‘ಅಶುದ್ಧ ಕನ್ನಡ’ವಲ್ಲ. ನಂಜನಗೂಡು ಸೀಮೆಯ ಆಡುನುಡಿಯಲ್ಲಿ ಮೈದಳೆದ ದೇವನೂರ ಮಹಾದೇವರ ‘ಕುಸುಮಬಾಲೆ’ಗೆ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಅದನ್ನು ಮೆಚ್ಚಿ ಪಾಠ ಮಾಡುವ ನಾವೇ ಹಾಡಿಯ ಹುಡುಗನ ಉತ್ತರಪತ್ರಿಕೆಯಲ್ಲಿ ಅವನ ನುಡಿಗೆ ಕೆಂಪುಗೆರೆ ಎಳೆಯುತ್ತೇವೆ. ಪರೀಕ್ಷೆಗೆ ಗ್ರಂಥಸ್ಥ ಕನ್ನಡ ಬೇಕೆಂದು ಕಲಿಸೋಣ. ಆದರೆ ಅವನದು ತಪ್ಪೆಂದು ಕಲಿಸುವುದು ಬೇರೆ ಮಾತು.

ಇಂಥ ಪಾಠದಲ್ಲಿ ಒಂದು ಎಚ್ಚರ ಅಗತ್ಯ. ಹಾಡಿಯ ವಿದ್ಯಾರ್ಥಿಯನ್ನು ಎದ್ದು ನಿಲ್ಲಿಸಿ ‘ನಿಮ್ಮಲ್ಲಿ ಹೀಗೆಯೇ?’ ಎಂದು ಕೇಳಿದರೆ ಅವನು ಓದುಗನಾಗಿ ಉಳಿಯುವುದಿಲ್ಲ, ಮಾದರಿಯಾಗುತ್ತಾನೆ. ಥರ್ಸ್ಟನ್ನನ ಅಳತೆಗೋಲು ಆಗ ನಮ್ಮ ಕೈಗೇ ಬಂದಿರುತ್ತದೆ. ಪಠ್ಯವನ್ನು ಪ್ರಶ್ನಿಸುವ ಅಧಿಕಾರ ಅವನಿಗೂ ಉಳಿದವರಷ್ಟೇ ಇದೆಯೆಂಬುದು ತರಗತಿಯಲ್ಲಿ ನಿಜವಾದಾಗ ಮಾತ್ರ ಈ ಬೋಧನೆಗೆ ಅರ್ಥ ಬರುತ್ತದೆ.