ಸಿಕಲ್ ಸೆಲ್: ಜೀನ್ ಒಂದೇ ಕಾರಣವಲ್ಲ

ಕೆಲವು ಸಮುದಾಯಗಳಲ್ಲೇ ಕೆಲವು ದೀರ್ಘಕಾಲದ ಕಾಯಿಲೆಗಳು ಯಾಕೆ ಹೆಚ್ಚು ಅನ್ನೋದಕ್ಕೆ ನೀಲಗಿರಿ–ವಯನಾಡಿನ ಸಿಕಲ್ ಸೆಲ್ ಒಳ್ಳೆಯ ಉದಾಹರಣೆ. ನೀಲಗಿರಿಯ ಆದಿವಾಸಿಗಳಲ್ಲಿ ಲೆಹ್ಮನ್ ಮತ್ತು ಕಟ್‌ಬುಶ್ ಇದನ್ನು 1952ರಲ್ಲೇ ವರದಿ ಮಾಡಿದ್ದರು.

ಇದರಲ್ಲಿ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತೆ. ಪರಿಣಾಮ ರಕ್ತಹೀನತೆ, ತಡೆಯಲಾಗದ ಮೂಳೆನೋವು, ಪದೇ ಪದೇ ಸೋಂಕು. ತಂದೆ ತಾಯಿ ಇಬ್ಬರೂ ವಾಹಕರಾದರೆ ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆಯ ಸಾಧ್ಯತೆ ಶೇ. 25.

ಪಣಿಯರು, ಕುರುಂಬರು, ಇರುಳರಲ್ಲೇ ಯಾಕೆ ಹೆಚ್ಚು? ವಾಹಕರಿಗೆ ತೀವ್ರ ಮಲೇರಿಯಾದಿಂದ ಒಂದಿಷ್ಟು ರಕ್ಷಣೆ ಇದೆ. ಮಲೇರಿಯಾ ಕಾಡಿದ ಸೀಮೆಯಲ್ಲಿ ತಲೆಮಾರುಗಟ್ಟಲೆ ಬದುಕಿ, ತಮ್ಮೊಳಗೇ ಸಂಬಂಧ ಬೆಳೆಸಿದವರಲ್ಲಿ ಆ ಜೀನ್ ಉಳೀತು. ಪರಿಶಿಷ್ಟ ಪಂಗಡಕ್ಕೆ ಸೇರದ ವಯನಾಡು ಚೆಟ್ಟಿಗಳಲ್ಲೂ ಇದು ಇದೆ. ಹಾಗಾಗಿ ಇದನ್ನ 'ಆದಿವಾಸಿ ಕಾಯಿಲೆ' ಅಂದರೆ ತಪ್ಪಾಗುತ್ತೆ.

ಕಾಯಿಲೆ ಕೊಡೋದು ಜೀನ್. ಆದರೆ ನರಳಾಟ ಎಷ್ಟು ಅನ್ನೋದರಲ್ಲಿ ಊಟ, ಕೂಲಿ, ಆಸ್ಪತ್ರೆಯ ದೂರ, ಹೈಡ್ರಾಕ್ಸಿಯೂರಿಯಾ ಮಾತ್ರೆ ತಪ್ಪದೆ ಸಿಗುತ್ತಾ ಅನ್ನೋದು ಎಲ್ಲಾ ಸೇರುತ್ತೆ. ಅಸಮಾನತೆ ಇರೋದು ಇಲ್ಲಿ.

2023ರಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನಕ್ಕೆ 7 ಕೋಟಿ ಜನರ ತಪಾಸಣೆಯ ಗುರಿ ಇಡಲಾಗಿತ್ತು. ತಪಾಸಣೆ ಬೇಕು. ಆದರೆ ವಾಹಕರು ರೋಗಿಗಳಲ್ಲ ಅನ್ನೋದನ್ನ ಹಾಡಿಯಲ್ಲಿ, ಅವರದೇ ಮಾತಿನಲ್ಲಿ ಬಿಡಿಸಿ ಹೇಳದಿದ್ದರೆ ಆ ಕಾರ್ಡು ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತು. ಪಣಿಯರು ವಯನಾಡು, ಗೂಡಲೂರು, ಕೊಡಗು ಮೂರೂ ಕಡೆ ಇದ್ದಾರೆ. ನೆಂಟಸ್ತಿಕೆ ಗಡಿ ದಾಟುತ್ತೆ. ಚಿಕಿತ್ಸೆಯ ದಾಖಲೆಯೂ ದಾಟಬೇಕು.