ತಿಳಿಯದ ರೋಗಗಳಿಗೆ ಸಲಹೆ ಕೇಳುವ ಕ್ರಮ

ಮುಳಬಾಗಿಲು ತಾಲ್ಲೂಕಿನ ಬೈರಕೂರು ಹೋಬಳಿಯ ರೈತರು ತೋಟದಲ್ಲಾಗಲಿ ಮನೆಯಲ್ಲಾಗಲಿ ಕಾರಣ ತಿಳಿಯದ ತೊಂದರೆ ಕಂಡಾಗ ನೆರೆಯವರನ್ನು ಕೇಳುವುದು ವಾಡಿಕೆ. ಆದರೆ ರೋಗವು ಕಂಡ ಕಡೆಯಲ್ಲಿಯೇ ಅದರ ಕಾರಣವೂ ಇರುವುದೆಂದು ಭಾವಿಸತಕ್ಕದ್ದಲ್ಲ.

ಟೊಮೆಟೊ ಗಿಡದ ಎಲೆ ಮುದುರಿ ಗಿಡವು ಕುಗ್ಗಿದರೆ, ಗೊಬ್ಬರ ಸಾಲದೆಂದು ಹೇಳುವವರುಂಟು. ವಾಸ್ತವವಾಗಿ ಇದು ಬಿಳಿನೊಣವು ಹರಡುವ ನಂಜುರೋಗವಾಗಿರಬಹುದು. ಇದು ತಗುಲಿದ ಗಿಡವನ್ನು ಯಾವ ಔಷಧವೂ ಗುಣಪಡಿಸದು. ಅಂತಹ ಗಿಡಗಳನ್ನು ಆರಂಭದಲ್ಲಿಯೇ ಕಿತ್ತು ನಾಶಮಾಡಿ, ಮುಂದಿನ ಸಸಿಗಳನ್ನು ನೈಲಾನ್ ಪರದೆಯೊಳಗೆ ಬೆಳೆಸತಕ್ಕದ್ದು.

ಮಕ್ಕಳ ಹಲ್ಲಿನಲ್ಲಿ ಉಜ್ಜಿದರೂ ಹೋಗದ ಕಂದು ಕಲೆಯಿದ್ದು, ಹಿರಿಯರ ಕೀಲುಗಳು ಬಿಗಿದಿದ್ದರೆ ಕುಡಿಯುವ ನೀರನ್ನು ಪರೀಕ್ಷಿಸಬೇಕು. ಕೋಲಾರ ಜಿಲ್ಲೆಯ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಆಳದ ಕಲ್ಲಿನಿಂದ ಕರಗಿದ ಫ್ಲೋರೈಡ್ ಇರುವುದುಂಟು. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಆ ನೀರು ಕುಡಿಯಲು ಯೋಗ್ಯವಲ್ಲ. ಕುದಿಸಿದರೆ ಅದು ಹೋಗದು. ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುವುದು. ಮೂಡಿದ ಕಲೆ ತಾನಾಗಿ ಅಳಿಯದು. ಆದರೆ ನೀರನ್ನು ಬೇಗ ಬದಲಿಸಿದರೆ ಎಳೆಯ ಮಕ್ಕಳ ಹಲ್ಲುಗಳು ಕೆಡದೆ ಉಳಿಯುವುವು.

ಸಲಹೆ ಕೇಳುವವರು ಅನುಸರಿಸಬೇಕಾದ ಕ್ರಮ:

1. ರೋಗದ ಗಿಡವೊಂದನ್ನೂ ಒಳ್ಳೆಯ ಗಿಡವೊಂದನ್ನೂ ಬೇರುಸಹಿತ ಕಿತ್ತು, ಬೇರೆ ಬೇರೆ ಚೀಲಗಳಲ್ಲಿ ಕಟ್ಟಿ, ರೈತ ಸಂಪರ್ಕ ಕೇಂದ್ರಕ್ಕಾಗಲಿ ಕೋಲಾರದ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ ಒಯ್ಯುವುದು.

2. ರೋಗ ಕಂಡ ದಿನವನ್ನೂ ಹಾಕಿದ ಗೊಬ್ಬರ, ಸಿಂಪಡಿಸಿದ ಔಷಧಗಳನ್ನೂ ಮರೆಮಾಚದೆ ತಿಳಿಸುವುದು.

3. ಪ್ರತಿಯೊಂದು ಕೊಳವೆಬಾವಿಯ ನೀರನ್ನೂ ಶುದ್ಧವಾದ ಬೇರೆ ಬೇರೆ ಸೀಸೆಗಳಲ್ಲಿ ತುಂಬಿ, ಬಾವಿಯ ಗುರುತನ್ನು ಬರೆದು, ಗ್ರಾಮ ಪಂಚಾಯಿತಿಯ ಮೂಲಕ ಪರೀಕ್ಷೆಗೆ ಕಳುಹಿಸುವುದು. ರೋಗಿಯನ್ನು ವೈದ್ಯರಿಗೆ ತೋರಿಸುವುದು.

ಒಂದು ಮನೆಯ ಕಲೆ ಇಡೀ ಊರಿನ ನೀರಿನ ದೋಷವಾಗಿರಬಹುದಾದುದರಿಂದ, ಗ್ರಾಮದ ಮುಖಂಡರು ಈ ಕಾರ್ಯದಲ್ಲಿ ಮುಂದಾಗತಕ್ಕದ್ದು.