ಲಾರಿಗೂ ರೋಬೋಟಿಗೂ ನಡುವೆ

ರೂಪ ಬದಲಿಸುವ ರೋಬೋಟ್ ಆಟಿಕೆ ಹೊಸದಾಗಿ ಬಂದಾಗ ಕಣ್ಣಿಗೆ ಮೊದಲು ಬೀಳುವುದು ಎರಡು ಚಿತ್ರ. ಒಂದರಲ್ಲಿ ಲಾರಿ, ಇನ್ನೊಂದರಲ್ಲಿ ಎದೆ ಸೆಟೆಸಿ ನಿಂತ ರೋಬೋಟ್. ಪೆಟ್ಟಿಗೆಯ ಮೇಲೂ ಅವೆರಡೇ, ಜಾಹೀರಾತಿನಲ್ಲೂ ಅವೆರಡೇ. ಸಂಗ್ರಾಹಕನಿಗೆ ಅವುಗಳಿಂದ ತಿಳಿಯುವುದು ತೀರ ಕಡಿಮೆ. ಲಾರಿ ಚೆಂದವಿರಬೇಕೆಂದರೆ ಲಾರಿಯನ್ನೇ ಕೊಳ್ಳಬಹುದು, ಗೊಂಬೆ ಚೆಂದವಿರಬೇಕೆಂದರೆ ಗೊಂಬೆಯನ್ನೇ. ಈ ಆಟಿಕೆಗೆ ನಾವು ದುಡ್ಡು ತೆರುವುದು ಒಂದು ಇನ್ನೊಂದಾಗುವ ಆ ಎರಡು ಮೂರು ನಿಮಿಷಕ್ಕೆ. ಪರೀಕ್ಷೆಯೂ ಅಲ್ಲೇ ನಡೆಯಬೇಕು. ಮಂಗಳೂರಿನ ಕಂಕನಾಡಿಯಲ್ಲಿ ಕೂತು ಬರೆಯುತ್ತಿರುವುದರಿಂದ ಇನ್ನೊಂದು ಮಾತು: ಮಳೆಗಾಲ ಒಂದನ್ನಾದರೂ ದಾಟದ ಆಟಿಕೆಯ ಬಗ್ಗೆ ಕರಾವಳಿಯವರು ಕೊನೆಯ ತೀರ್ಪು ಕೊಡಬಾರದು.

ಉದಾಹರಣೆಗೆ ಜಪಾನಿನ ಟಕಾರಾ ಟೋಮಿ ಕಂಪನಿ 2024ರಲ್ಲಿ ಶುರುಮಾಡಿದ ‘ಮಿಸ್ಸಿಂಗ್ ಲಿಂಕ್’ ಸರಣಿಯ ಮೊದಲ ಆಟಿಕೆ, ಸಿ-01 ಕಾನ್ವಾಯ್, ಇರಲಿ. ಸಿನಿಮಾದಿಂದಾಗಿ ನಮ್ಮ ಮಕ್ಕಳೂ ಬಲ್ಲ ಕೆಂಪು-ನೀಲಿ ನಾಯಕ ಆಪ್ಟಿಮಸ್ ಪ್ರೈಮನಿಗೆ ಜಪಾನಿನಲ್ಲಿರುವ ಹೆಸರು ಅದು. 1984ರ ಮೂಲ ಆಟಿಕೆಯ ಹೊರನೋಟವನ್ನು ಹಾಗೆಯೇ ಉಳಿಸಿಕೊಂಡು, ಒಳಗೆ ಇಂದಿನ ಕೀಲುಗಳನ್ನು ಅಡಗಿಸುವುದು ಈ ಸರಣಿಯ ಹಟ. ಈ ಹಟ ಯಾಕೆ ಎಂದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು.

ಟಕಾರಾ 1980ರಲ್ಲಿ ‘ಡಯಾಕ್ಲೋನ್’ ಎಂಬ ಸರಣಿ ತಂದಿತು. ಬೆರಳ ಗೆಣ್ಣಿನಷ್ಟು ಎತ್ತರದ ಚಾಲಕರು ಒಳಗೆ ಕೂರುವ ಯಂತ್ರಗಳು ಅವು. ಮುಂದೆ ಅದರಲ್ಲೇ ರೋಬೋಟಾಗುವ ಕಾರುಗಳು ಬಂದವು. 1983ರಲ್ಲಿ ‘ಬ್ಯಾಟಲ್ ಕಾನ್ವಾಯ್’ ಎಂಬ ಲಾರಿಯೂ ಬಂತು. ಅದೇ ಕಾಲಕ್ಕೆ ‘ಮೈಕ್ರೋ ಚೇಂಜ್’ ಹೆಸರಿನಲ್ಲಿ ಪಿಸ್ತೂಲು, ಟೇಪ್ ರೆಕಾರ್ಡರು, ಪುಟಾಣಿ ಕಾರುಗಳು ರೋಬೋಟಾಗುತ್ತಿದ್ದವು. ಅಮೆರಿಕದ ಹ್ಯಾಸ್ಬ್ರೋ ಕಂಪನಿ ಈ ಎರಡೂ ಸರಣಿಗಳಿಂದ ಬೇಕಾದ್ದನ್ನು ಆರಿಸಿ, ಚಾಲಕರನ್ನು ಕೈಬಿಟ್ಟು, ಯಂತ್ರಗಳಿಗೇ ಜೀವವಿದೆ ಎಂಬ ಕಥೆ ಕಟ್ಟಿಸಿ, 1984ರಲ್ಲಿ ‘ಟ್ರಾನ್ಸ್‌ಫಾರ್ಮರ್ಸ್’ ಎಂದು ಮಾರಿತು. ಹೆಚ್ಚಿನ ಪಾತ್ರಗಳಿಗೆ ಹೆಸರು, ಸ್ವಭಾವ ಕೊಟ್ಟವರು ಮಾರ್ವೆಲ್ ಕಾಮಿಕ್ಸಿನ ಬಾಬ್ ಬುಡಿಯಾನ್ಸ್‌ಕಿ. ಆ ಬ್ಯಾಟಲ್ ಕಾನ್ವಾಯ್‌ಗೆ ಸಿಕ್ಕ ಆಪ್ಟಿಮಸ್ ಪ್ರೈಮ್ ಎಂಬ ಹೆಸರು ಮಾತ್ರ ಡೆನಿಸ್ ಓನೀಲ್ ಅವರದು.

ಮಂಗಳೂರಿನ ಎಷ್ಟೋ ಮನೆಗಳಿಗೆ ಇಂಥ ಆಟಿಕೆ ಬಂದದ್ದು ಗಲ್ಫಿನಿಂದ ರಜೆಗೆ ಬಂದ ಮಾವನ ಪೆಟ್ಟಿಗೆಯಲ್ಲಿ, ಸಾಬೂನು, ಸೆಂಟು, ಖರ್ಜೂರದ ಜೊತೆಗೆ. ಆಗಿನ್ನೂ ಬಜ್ಪೆಯಿಂದ ದುಬೈಗೆ ನೇರ ವಿಮಾನವಿರಲಿಲ್ಲ. ಅದು ಶುರುವಾದದ್ದು 2006ರಲ್ಲಿ. ಬೊಂಬಾಯಿಗೆ ಬಂದಿಳಿದು, ಅಲ್ಲಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕುಲುಕಿ ಬಂದ ರೋಬೋಟಿಗೆ ಒಂದು ಕೈ ಇಲ್ಲದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಇಂದು ಆ ಅರೆಬರೆ ಗೊಂಬೆಗಳೇ ಅಟ್ಟದಿಂದ ಇಳಿದು ಸಂಗ್ರಾಹಕರ ಕೈಸೇರುತ್ತಿವೆ. ಕಳೆದುಹೋದದ್ದು ಹೆಚ್ಚಾಗಿ ಮುಷ್ಟಿಗಳು. ಯಾಕೆಂದರೆ 1984ರ ಆಪ್ಟಿಮಸ್‌ನ ಮುಷ್ಟಿಗಳು ಬಿಡಿ ಭಾಗಗಳು. ಲಾರಿ ಮಾಡುವಾಗ ಕಿತ್ತಿಡಬೇಕು, ರೋಬೋಟ್ ಮಾಡುವಾಗ ಸಿಕ್ಕಿಸಬೇಕು.

ಸಂಗ್ರಾಹಕ ಕೇಳುವ ಮೊದಲ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ: ರೂಪ ಬದಲಾಗುವಾಗ ಏನನ್ನಾದರೂ ಕಳಚಬೇಕೇ? ಕಳಚುವುದು ಹೆಚ್ಚಿದಷ್ಟೂ ವಿನ್ಯಾಸ ಸೋತಿದೆ ಎಂಬುದು ಹಲವರ ಮತ. ನಾನು ಅಷ್ಟು ಕಟುವಲ್ಲ. ಹಳೆಯ ಆಪ್ಟಿಮಸ್ ಮುಷ್ಟಿಗಳನ್ನು ಬಿಟ್ಟರೆ ಎಷ್ಟು ಸರಳ ನೋಡಿ. ಲಾರಿಯ ಹಿಂಭಾಗವೇ ಕಾಲು, ಚಾಲಕನ ಮುಂದಿನ ಗಾಜೇ ಎದೆ, ಕ್ಯಾಬಿನ್ನಿನ ಪಕ್ಕದ ಗೋಡೆಗಳೇ ತೋಳು. ಲಾರಿಯ ಯಾವ ಭಾಗವೂ ರೋಬೋಟಿನ ಬೆನ್ನಿಗೆ ಗಂಟುಮೂಟೆಯಾಗಿ ನೇತಾಡುವುದಿಲ್ಲ. ಇದರಿಂದಲೇ ನನ್ನ ಎರಡನೆಯ ಪ್ರಶ್ನೆ, ಮೊದಲಿನದಕ್ಕಿಂತ ಮುಖ್ಯವಾದದ್ದು: ಒಂದು ರೂಪದಲ್ಲಿ ಬೇಕಾದ ಭಾಗಕ್ಕೆ ಇನ್ನೊಂದು ರೂಪದಲ್ಲಿ ಕೆಲಸವಿದೆಯೇ, ಇಲ್ಲ ಅದು ಬರಿಯ ಹೊರೆಯೇ?

ಟಕಾರಾ 2003ರಲ್ಲಿ ‘ಮಾಸ್ಟರ್‌ಪೀಸ್’ ಎಂಬ ಸರಣಿಯನ್ನು ದೊಡ್ಡವರಿಗೆಂದೇ ಆರಂಭಿಸಿತು. ಅದರ ಎಂಪಿ-01 ಕೂಡ ಇದೇ ಆಪ್ಟಿಮಸ್. 2011ರಲ್ಲಿ ಎಂಪಿ-10, 2019ರಲ್ಲಿ ಎಂಪಿ-44 ಬಂದವು. ಟ್ರಾನ್ಸ್‌ಫಾರ್ಮರ್ಸ್ ಕಾರ್ಟೂನಿನಲ್ಲಿ ಕಾಣುವ ಹಾಗೆಯೇ ರೋಬೋಟ್ ಇರಬೇಕು ಎಂಬ ಆಸೆಗೆ ಬಿದ್ದು ಹಲಗೆಯೊಳಗೆ ಹಲಗೆ, ಕೀಲಿನ ಮೇಲೆ ಕೀಲು ಸೇರುತ್ತ ಹೋದವು. ಎಂಪಿ-44 ನೋಡಲು ಅದ್ಭುತ. ಆದರೆ ಅದನ್ನು ಲಾರಿ ಮಾಡುವುದು ಆಟವೆನ್ನಿಸುವುದಿಲ್ಲ. ಕನ್ನಡಕ ಹಾಕಿಕೊಂಡು ಮಾಡುವ ಗಡಿಯಾರ ರಿಪೇರಿಯಂತಿರುತ್ತದೆ. 2021ರಲ್ಲಿ ರೋಬೋಸೆನ್ ಕಂಪನಿ 27 ಸರ್ವೋ ಮೋಟಾರುಗಳಿರುವ, ಹೇಳಿದರೆ ತಾನಾಗಿಯೇ ರೂಪ ಬದಲಿಸುವ ಆಪ್ಟಿಮಸನ್ನೂ ತಂದಿತು. ಅದರ ಮುಂದೆ ನಮಗುಳಿಯುವ ಕೆಲಸ ಚಪ್ಪಾಳೆ ತಟ್ಟುವುದಷ್ಟೇ. ಈ ಓಟದ ನಡುವೆ ಮಿಸ್ಸಿಂಗ್ ಲಿಂಕ್ ಹಿಂದಕ್ಕೆ ತಿರುಗಿ, ಐದಾರು ಹೆಜ್ಜೆಯಲ್ಲಿ ಮುಗಿಯುವ ಹಳೆಯ ದಾರಿಯನ್ನೇ ಹಿಡಿದದ್ದು ನನಗೆ ಹಿಡಿಸಿತು.

ಇನ್ನು ಕೈಗೆ ಬಂದ ಆಟಿಕೆಯನ್ನು ನೋಡುವ ಬಗೆ. ಕೀಲುಗಳಲ್ಲಿ ಜಾತಿಗಳಿವೆ. ಟಿಕ್ ಟಿಕ್ ಎಂದು ಹಲ್ಲುಹಲ್ಲಾಗಿ ನಿಲ್ಲುವುದು ರ್‍ಯಾಚೆಟ್; ಭಾರ ಹೊರುವ ಭುಜ, ಸೊಂಟಕ್ಕೆ ಅದೇ ಬೇಕು. ಗುಂಡು ಗುಳಿಯಲ್ಲಿ ತಿರುಗುವುದು ಬಾಲ್ ಜಾಯಿಂಟ್. ಕತ್ತಿಗೆ ಒಳ್ಳೆಯದು, ಕಾಲಿಗೆ ಕೊಟ್ಟರೆ ಬೇಗ ಸಡಿಲವಾಗುತ್ತದೆ. ಬರಿಯ ಉಕ್ಕಿನ ಪಿನ್ನಿನ ಮೇಲೆ ಬಿಗಿತದಿಂದಷ್ಟೇ ನಿಲ್ಲುವ ಕೀಲು ಮೂರನೆಯದು. ಮೊದಲ ಸಲ ತಿರುಗಿಸುವಾಗ ಬಿಗಿಯೆನಿಸಿದರೆ ಒತ್ತಾಯ ಮಾಡಬೇಡಿ. ಕೀಲಿನ ಬುಡದಲ್ಲಿ ಪ್ಲಾಸ್ಟಿಕ್ ಬೆಳ್ಳಗಾದ ಗೆರೆ ಕಾಣುತ್ತದೆಯೇ ನೋಡಿ. ಅಲ್ಲಿ ಒತ್ತಡ ಮಿತಿ ಮೀರಿದೆ, ಮುಂದೆ ಬಿರುಕು ಬಿಡುವುದು ಅಲ್ಲೇ.

ಪ್ಲಾಸ್ಟಿಕ್ ಎಂದರೂ ಒಂದೇ ಅಲ್ಲ. ಮೈಯೆಲ್ಲ ಸಾಮಾನ್ಯವಾಗಿ ಎಬಿಎಸ್. ಗಟ್ಟಿ, ಬಣ್ಣ ಚೆನ್ನಾಗಿ ಹಿಡಿಯುತ್ತದೆ. ತಿಕ್ಕಾಟವಿರುವ ಕೀಲಿಗೆ ಪಿಒಎಂ. ಜಾರುತ್ತದೆ, ಬೇಗ ಸವೆಯುವುದಿಲ್ಲ, ಆದರೆ ಬಣ್ಣ ನಿಲ್ಲುವುದಿಲ್ಲ. ಕಿಟಕಿ ಗಾಜುಗಳಿಗೆ ಪಾಲಿಕಾರ್ಬೊನೇಟ್‌ನಂಥ ಪಾರದರ್ಶಕ ಪ್ಲಾಸ್ಟಿಕ್. ಪಾರದರ್ಶಕ ಭಾಗದಲ್ಲೇ ಪಿನ್ ಕೂರಿಸಿ ಕೀಲು ಮಾಡಿದ್ದರೆ ಎಚ್ಚರಿಕೆ, ಒಡೆಯುವುದು ಅದೇ. ಸಂಗ್ರಾಹಕರು ಹೆದರುವ ಇನ್ನೊಂದು ರೋಗ ಚಿನ್ನದ ಪ್ಲಾಸ್ಟಿಕ್ಕಿನದು. 1980ರ ದಶಕದ ಕೊನೆಯಲ್ಲಿ ಮಿಂಚುವ ಚೂರುಗಳನ್ನು ಬೆರೆಸಿದ ಒಂದು ಬಗೆಯ ಪ್ಲಾಸ್ಟಿಕ್ ಬಳಕೆಗೆ ಬಂತು. ಮುಟ್ಟದೆ ಕಪಾಟಿನಲ್ಲಿಟ್ಟರೂ ಅದು ವರ್ಷಗಳಲ್ಲಿ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಜಪಾನಿನಲ್ಲಿ 1988ರಲ್ಲಿ ಬಂದ ‘ಬ್ಲ್ಯಾಕ್ ಜರಾಕ್’ ಇದಕ್ಕೆ ಕುಖ್ಯಾತ. ಹಳೆಯದನ್ನು ಕೊಳ್ಳುವವರು ಚಿನ್ನದ ಬಣ್ಣ ಕಂಡಲ್ಲೆಲ್ಲ ಅದು ಮೇಲೆ ಬಳಿದದ್ದೋ, ಪ್ಲಾಸ್ಟಿಕ್ಕಿನೊಳಗೇ ಇರುವುದೋ ಎಂದು ಕೇಳಿಕೊಳ್ಳಬೇಕು.

ಇನ್ನು ಮಳೆಗಾಲದ ಮಾತು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಜುಲೈಯಲ್ಲಿ ಗೋಡೆಗಳೇ ಬೆವರುತ್ತವೆ. ಫಾದರ್ ಮುಲ್ಲರ್ ಆಸ್ಪತ್ರೆಯ ಆಚೀಚಿನ ಹಳೆಯ ಹಂಚಿನ ಮನೆಗಳಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುವ ತಿಂಗಳದು. ಆಟಿಕೆಯಲ್ಲಿ ಮೊದಲು ಸೋಲುವುದು ರಟ್ಟಿನ ಪೆಟ್ಟಿಗೆ. ಆಮೇಲೆ ಸ್ಟಿಕ್ಕರು, ಅಂಚಿನಿಂದ ಏಳುತ್ತದೆ. ಆಮೇಲೆ ಸ್ಕ್ರೂ, ಪಿನ್ನುಗಳಿಗೆ ತುಕ್ಕು. ತುಕ್ಕಿನ ಕಂದು ನೀರು ಬಿಳಿ ಪ್ಲಾಸ್ಟಿಕ್ಕಿಗೆ ಇಳಿದರೆ ಹೋಗುವುದಿಲ್ಲ. ಬೆಳ್ಳಿಯಂತೆ ಹೊಳೆಯುವ ಹೊಗೆಕೊಳವೆಗಳ ಮೇಲಿರುವುದು ತೆಳ್ಳನೆಯ ಅಲ್ಯೂಮಿನಿಯಂ ಲೇಪ. ಬೆವರಿದ ಬೆರಳಿನಿಂದ ಮತ್ತೆ ಮತ್ತೆ ಹಿಡಿದರೆ ಅದೂ ಸವೆಯುತ್ತದೆ.

ಇದಕ್ಕೆ ಮನೆಯವರು ಹೇಳುವ ಎರಡು ಉಪಾಯಗಳೂ ಕೆಡುಕು. ಕಪಾಟಿನಲ್ಲಿ ನುಸಿಗುಳಿಗೆ ಹಾಕು ಎನ್ನುತ್ತಾರೆ. ಅದರ ಆವಿ ಕೆಲವು ಪ್ಲಾಸ್ಟಿಕ್ಕುಗಳನ್ನು ಮೆತ್ತಗೆ ಮಾಡಿ ಅಂಟುವಂತೆ ಮಾಡುತ್ತದೆ. ತಿರುಗದ ಕೀಲಿಗೆ ಒಂದು ಹನಿ ತೆಂಗಿನೆಣ್ಣೆ ಬಿಡು ಎನ್ನುತ್ತಾರೆ. ನಮ್ಮಲ್ಲಿ ತೆಂಗಿನೆಣ್ಣೆಯಿಂದ ವಾಸಿಯಾಗದ್ದು ಏನಿದೆ! ಆದರೆ ಒತ್ತಡದಲ್ಲಿರುವ ಎಬಿಎಸ್, ಪಾಲಿಕಾರ್ಬೊನೇಟ್‌ಗಳಿಗೆ ಎಣ್ಣೆ ಇಳಿದರೆ ನವಿರಾದ ಬಿರುಕುಗಳು ಏಳುತ್ತವೆ. ಬೇಕೇಬೇಕಿದ್ದರೆ ಸಿಲಿಕೋನ್ ಗ್ರೀಸ್ ತುಸು ಹಚ್ಚಿ. ತೇವಕ್ಕೆ ಸಿಲಿಕಾ ಜೆಲ್ ಸಾಕು, ಔಷಧಿ ಡಬ್ಬಿಯಲ್ಲೂ ಚಪ್ಪಲಿ ಪೆಟ್ಟಿಗೆಯಲ್ಲೂ ಬರುವ ಆ ಪೊಟ್ಟಣ. ನೀಲಿ ಬಣ್ಣದ ಜೆಲ್ ನಸುಗೆಂಪಾದರೆ ನೀರು ಕುಡಿದಿದೆ ಎಂದರ್ಥ. ಬಿಸಿ ಮಾಡಿ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಬಿಸಿಲಿಗೆ ಹಳದಿಯಾದ ಬಿಳಿ ಭಾಗಗಳಿಗೆ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬೆಳಕಿಗಿಡುವ ರೂಢಿಯಿದೆ. ಕಂಕನಾಡಿಯಲ್ಲಿ ಔಷಧಿ ಅಂಗಡಿಗೇನೂ ಬರವಿಲ್ಲ. ಆದರೆ ಕೈಗವಸು ಹಾಕಿಕೊಳ್ಳಿ, ಹಳದಿ ಕೆಲವು ವರ್ಷಗಳಲ್ಲಿ ಮರಳಬಹುದು ಎಂಬುದೂ ನೆನಪಿರಲಿ.

ಹೊಸದೆಂದು ಬಂದದ್ದೆಲ್ಲ ಹೊಸದಲ್ಲ. ಉಕ್ಕಿನ ಅಚ್ಚು ಮಾಡಿಸುವುದೇ ದೊಡ್ಡ ಖರ್ಚು. ಆದ್ದರಿಂದ ಅದೇ ಅಚ್ಚಿನಿಂದ ಬಣ್ಣ ಬದಲಿಸಿ ಬೇರೆ ಬೇರೆ ಪಾತ್ರ ಮಾಡುತ್ತಾರೆ. 1984ರ ಸ್ಟಾರ್‌ಸ್ಕ್ರೀಮ್, ಸ್ಕೈವಾರ್ಪ್, ಥಂಡರ್‌ಕ್ರ್ಯಾಕರ್ ಮೂರೂ ಒಂದೇ ಎಫ್-15 ವಿಮಾನ. ಅಚ್ಚು ಹಳತಾದಂತೆ ಅಂಚುಗಳು ಮಂಕಾಗುತ್ತವೆ, ಕೀಲುಗಳು ಸಡಿಲವಾಗುತ್ತವೆ. ಕೊಳ್ಳುವ ಮೊದಲು ಅಚ್ಚು ಎಂದಿನದು ಎಂದು ತಿಳಿದುಕೊಳ್ಳುವುದು ಲಾಭ. ಈ ಅಚ್ಚಿನ ಉದ್ಯಮ ಕರ್ನಾಟಕಕ್ಕೂ ಬಂದಿದೆ. ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರಿಗೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಅದನ್ನು ಕಟ್ಟುತ್ತಿರುವುದು ಏಕಸ್ ಕಂಪನಿ.

ನಕಲಿಯ ಕಾಟ ಹಳೆಯದು. 1985ರಲ್ಲಿ ಹ್ಯಾಸ್ಬ್ರೋ, ಬೆರಳಿನಿಂದ ಉಜ್ಜಿದರೆ ಬಿಸಿಗೆ ಗುರುತು ಮೂಡುವ ಸ್ಟಿಕ್ಕರನ್ನು ಅಸಲಿಯ ಸಾಕ್ಷಿಯಾಗಿ ಹಚ್ಚತೊಡಗಿತು. ನಮ್ಮ ಏಪ್ರಿಲ್ ಸೆಖೆಗೆ ಅದು ಉಜ್ಜದೆಯೇ ಮೂಡಿದರೂ ಆಶ್ಚರ್ಯವಿಲ್ಲ. ಈಗ ನಮ್ಮ ದೇಶದಲ್ಲಿ ನೋಡಬೇಕಾದ್ದು ಐಎಸ್‌ಐ ಗುರುತು. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಅದು ಕಡ್ಡಾಯ. ಹೊರದೇಶದಿಂದ ತರಿಸುವವರಿಗೆ ಸುಂಕದ ಹೊಡೆತ ಬೇರೆ. ಶೇ 20 ಇದ್ದ ಮೂಲ ಸುಂಕ 2020ರಲ್ಲಿ ಶೇ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತ್ತು. ಅಂಚೆಯಲ್ಲಿ ಉಡುಗೊರೆ ಎಂದು ಬರೆಸಿ ಸುಂಕ ತಪ್ಪಿಸುವ ದಾರಿಯೂ 2019ರ ಡಿಸೆಂಬರಿನಲ್ಲೇ ಮುಚ್ಚಿದೆ. ತರಿಸುವ ಮೊದಲು ಆಗಿನ ದರವನ್ನು ವಿಚಾರಿಸಿಕೊಳ್ಳಿ.

ಮಿಸ್ಸಿಂಗ್ ಲಿಂಕ್ ಆಪ್ಟಿಮಸ್ ಎರಡು ಬಗೆಯಲ್ಲಿದೆ. ಸಿ-01ರ ಜೊತೆ ಟ್ರೇಲರ್ ಬರುತ್ತದೆ. ಸಿ-02 ಕಾರ್ಟೂನಿನ ರೂಪಕ್ಕೆ ಹತ್ತಿರ, ಟ್ರೇಲರ್ ಇಲ್ಲ. ಒಂದೇ ಕೊಳ್ಳುವುದಾದರೆ ಸಿ-01 ಕೊಳ್ಳಿ. ಟ್ರೇಲರ್ ಇಲ್ಲದ ಆಪ್ಟಿಮಸ್ ಅರ್ಧ ಲಾರಿ. ಆಡುವ ಮಗುವಿಗೆ ಮಾತ್ರ ಇವೆರಡೂ ಬೇಡ. ಹತ್ತಿರದ ಅಂಗಡಿಯಲ್ಲಿ ಐಎಸ್‌ಐ ಗುರುತಿರುವ, ನಾಲ್ಕೇ ಹೆಜ್ಜೆಯಲ್ಲಿ ಬದಲಾಗುವ ಸಣ್ಣದೊಂದನ್ನು ಕೊಡಿಸಿ.